ದೀಪಕ್ಕೆ ಉದ್ಯಾಪನೆ ಇಲ್ಲ

ನಾನು ಒಂದು ವ್ಯಾಸಪೀಠ. ಹೆಸರು ದೊಡ್ಡದು, ಆಕಾರ ಚಿಕ್ಕದು. ಮಡಿಸಿದರೆ ಬರೀ ಹಲಗೆ. ಬಿಡಿಸಿದರೆ ಎರಡು ಅಂಗೈ ಸೇರಿಸಿ ಬೊಗಸೆ ಒಡ್ಡಿದ ಹಾಗೆ. ಆ ಬೊಗಸೆಯಲ್ಲಿ ಪುಸ್ತಕ ಇಟ್ಟು, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಓದುತ್ತಾರೆ. ನನ್ನ ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಹೀಗಾಗಿ ನಾನು ಮನುಷ್ಯರನ್ನು ನೋಡಿದ್ದೆಲ್ಲ ಕೆಳಗಿನಿಂದ. ಮುಖಕ್ಕಿಂತ ಮೊದಲು ಮಂಡಿ ಕಾಣುತ್ತದೆ, ಮಾತಿಗಿಂತ ಮೊದಲು ಉಸಿರು ಕೇಳುತ್ತದೆ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಖಲಂದರ್ ಸಾಬರ ಮನೆಯ ಮುಂದಿನ ಚಪ್ಪರದ ಕೆಳಗೆ. ಬೀದಿಯವರೆಲ್ಲ ಬುಗುರಿ, ಗಿಲಕಿ, ಬಣ್ಣದ ಕುದುರೆ ಮಾಡುತ್ತಿದ್ದರೆ ಸಾಬರು ಮಾತ್ರ ಓದುವ ಪೀಠ ಮಾಡುತ್ತಿದ್ದರು. ಹಲಸಿನ ಒಂದೇ ಹಲಗೆ. ಅದನ್ನು ಮೇಲಿಂದಷ್ಟು ಕೆಳಗಿಂದಷ್ಟು ಸೀಳಿ, ನಡುವೆ ಬೆರಳಿಗೆ ಬೆರಳು ಹೆಣೆದ ಹಾಗೆ ಉಳಿಯಿಂದ ಕೆತ್ತಿ ಬಿಡಿಸಬೇಕು. ಮೊಳೆ ಇಲ್ಲ, ಅಂಟು ಇಲ್ಲ. ಉಳಿ ಕೂದಲೆಳೆಯಷ್ಟು ತಪ್ಪಿದರೂ ಹಲಗೆ ಒಲೆಗೆ. ನನ್ನ ಒಡಹುಟ್ಟಿದವರಲ್ಲಿ ಕೆಲವರು ಮಸೀದಿಗೆ ಹೋದರು, ಕೆಲವರು ಮಠಕ್ಕೆ. ನನ್ನನ್ನು ಕೈಗೆತ್ತಿಕೊಂಡವರು ಹೊಳೆನರಸೀಪುರದ ನರಹರಿ ಜೋಯಿಸರು.

"ಏನು ಓದ್ತೀರಾ ಸ್ವಾಮಿ?" ಅಂದರು ಸಾಬರು.

"ಹಳೇ ಕಾವ್ಯ. ರಾಗ ಹಾಕಿ ಓದ್ತೀನಿ, ಜನ ಕೂತು ಕೇಳ್ತಾರೆ."

"ಬಹಳ ಚೆಂದ. ದಿನಾ ಬಿಡಿಸಿ ಮಡಿಸಿ ಸ್ವಾಮಿ. ಸುಮ್ನೆ ಇಟ್ರೆ ಕೀಲು ಬಿಗೀತದೆ."

ಜೋಯಿಸರು ನನ್ನನ್ನು ಸುಮ್ಮನೆ ಇಡುವವರಲ್ಲ. ಹೇಮಾವತಿಯ ದಂಡೆಯ ಆ ಊರಲ್ಲಿ, ಕೋಟೆ ಬೀದಿಯ ಭಜನೆ ಮಂದಿರದಲ್ಲಿ, ಪ್ರತಿ ವರ್ಷ ಶ್ರಾವಣ ಮಾಸವಿಡೀ ಸಂಜೆ ಆರಕ್ಕೆ ವಾಚನ. ತಾಳವಿಲ್ಲ, ಮೃದಂಗವಿಲ್ಲ. ಶ್ರುತಿಪೆಟ್ಟಿಗೆಯ ಒಂದೇ ಒಂದು ಗುಂಯ್ ಶಬ್ದದ ಮೇಲೆ ಷಟ್ಪದಿಯ ಆರು ಸಾಲು ಮೆಲ್ಲಗೆ ಹೆಜ್ಜೆ ಇಡುತ್ತಿದ್ದವು. ನಾನು ಕೇಳುತ್ತಿದ್ದೆ. ಕೇಳುವುದೊಂದೇ ನನಗೆ ಬಂದ ವಿದ್ಯೆ. ಅರ್ಥ ತಿಳಿಯುವ ಮೊದಲೇ ಪದ್ಯಗಳು ನನ್ನ ನಾರಿನೊಳಗೆ ಇಳಿದವು, ಹಲಸಿನ ಮರಕ್ಕೆ ಮಳೆ ಇಳಿದ ಹಾಗೆ.

ಒಂದು ಶ್ರಾವಣದಲ್ಲಿ, ಕೇಳುವವರ ಮೊದಲ ಸಾಲಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು ಕೂತಳು. ಅಂಬುಜಾಕ್ಷಿ. ತಾಯಿಯ ಸೆರಗು ಹಿಡಿದು ಬಂದವಳು ಮೂರನೆಯ ದಿನಕ್ಕೆ ಜೋಯಿಸರ ಜೊತೆಗೇ ತುಟಿ ಆಡಿಸತೊಡಗಿದಳು. "ಬಾಯಿ ಬಿಟ್ಟು ಓದೇ ಮಗು, ಯಾಕೆ ನುಂಗ್ತೀಯ?" ಎಂದರು ಜೋಯಿಸರು. ಬಾಯಿ ಬಿಟ್ಟಳು. ಮಂದಿರದ ಗುಬ್ಬಚ್ಚಿಗಳು ಸುಮ್ಮನಾದವು ಅಂತ ಹೇಳಿದರೆ ನೀವು ನಂಬುವುದಿಲ್ಲ. ನಾನಂತೂ ಸುಮ್ಮನಾದದ್ದು ನಿಜ.

ಇಪ್ಪತ್ತು ವರ್ಷ ಅವಳು ಕಲಿತಳು. ಜೋಯಿಸರ ಕಣ್ಣು ಮಂಜಾದಾಗ ನನ್ನನ್ನು ಅವಳ ಮಡಿಲಿಗೆ ಹಾಕಿ ಅವರು ಹೇಳಿದ್ದು ಒಂದೇ ಮಾತು. "ಅಂಬುಜಾ, ಕೇಳೋರು ನೆಲದ ಮೇಲೆ ಕೂತಿರುವಾಗ ಓದೋರು ಮೇಲೆ ಕೂರಬಾರದು. ವಿದ್ಯೆಗೆ ಪೀಠ ಇರಲಿ, ನಮಗೆ ನೆಲ ಸಾಕು."

ಅವಳು ನನ್ನ ಎದುರು ಕೂರುತ್ತಿದ್ದ ಆ ದಿನಗಳು! ಒಣಗಿದ ಎಲೆ ನೆಲಕ್ಕಿಳಿದ ಹಾಗೆ ಸದ್ದಿಲ್ಲದೆ ಕೂತು, ಎಡಗೈಯಲ್ಲಿ ನನ್ನ ಅಂಚು ಹಿಡಿದು, ಮುಂದಕ್ಕೆ ಬಾಗುತ್ತಿದ್ದಳು. ಪದ್ಯದ ಮೊದಲ ಮೂರು ಸಾಲು ಒಂದೇ ಉಸಿರು. ಆ ಉಸಿರು ಪುಟ ಸವರಿಕೊಂಡು ನನ್ನ ಮೈಗೆ ಬರುತ್ತಿತ್ತು, ಏಲಕ್ಕಿಯ ವಾಸನೆ. ಪಕ್ಕದಲ್ಲಿ ಶೇಷಗಿರಿ ಮೇಷ್ಟ್ರು. ಅವಳು ಓದಿದ ಪದ್ಯಕ್ಕೆ ಅರ್ಥ ಬಿಡಿಸಿ ಹೇಳುವವರು ಅವರು. ಹೈಸ್ಕೂಲಿನಲ್ಲಿ ಕನ್ನಡ ಪಾಠ, ಸಂಜೆ ವ್ಯಾಖ್ಯಾನ. ನಾಲಿಗೆ ಒಂಚೂರು ಚುರುಕು.

ಇನ್ನು ನಮ್ಮವರ ಒಂದು ಪದ್ಧತಿ ಹೇಳಬೇಕು. ಓದುವವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಪಾಪ. ಶ್ರಾವಣದ ಒಂದೊಂದು ದಿನಕ್ಕೆ ಒಂದೊಂದು ಮನೆಯವರ ಸೇವೆ. ಮಂಗಳ ಹಾಡಿ ಪುಸ್ತಕ ಮುಚ್ಚಿದ ಕೂಡಲೇ ಅಂಬುಜಾಕ್ಷಿಯ ಮುಂದೆ ಎಲೆ ಬರುತ್ತಿತ್ತು. ಕೋಸಂಬರಿ, ರಸಾಯನ, ತುಪ್ಪ ತೇಲುವ ಸಜ್ಜಿಗೆ, ಒಂದು ದಿನ ಸುಕ್ಕಿನುಂಡೆ, ಒಂದು ದಿನ ಹಾಲುಹೋಳಿಗೆ. ಸಾಕು ಅಂದರೆ, "ಅಯ್ಯೋ, ನಿನ್ನೆ ಅವರ ಮನೇದು ಎರಡು ತಿಂದ್ರಂತೆ, ನಮ್ಮನೇದು ಮಾತ್ರ ಬೇಡವಾ?" ಎನ್ನುವರು. ಪ್ರಸಾದ ಅಂದ ಮೇಲೆ ಬೇಡ ಅನ್ನುವ ನಾಲಿಗೆ ಅವಳಿಗಿಲ್ಲ. ಶ್ರಾವಣ ಮುಗಿದರೆ ಭಾದ್ರಪದ, ಅದು ಮುಗಿದರೆ ಮದುವೆ ಮನೆ, ಗೃಹಪ್ರವೇಶ, ಎಲ್ಲೆಲ್ಲೂ ಅವಳ ವಾಚನ. ಎಲ್ಲೆಲ್ಲೂ ಎಲೆ.

ವರ್ಷಗಳು ಹೀಗೆ ಕಳೆದವು. ಅವಳು ದಪ್ಪಗಾದದ್ದು ಜನಕ್ಕೆ ಕಣ್ಣಿಗೆ ಕಂಡಿತು, ನನಗೆ ಕಿವಿಗೆ ಕೇಳಿಸಿತು. ಮೂರು ಸಾಲಿನ ಉಸಿರು ಎರಡೂವರೆಯಾಯಿತು, ಎರಡಾಯಿತು. ಮುಂದಕ್ಕೆ ಬಾಗಲಾಗದೆ ನನ್ನನ್ನು ಒಂದು ಗೇಣು ದೂರ ಸರಿಸಿದಳು. ಕೂರುವಾಗ ಮಂಡಿಯಿಂದ ಚಿಟಿಕೆ ಹೊಡೆದಂಥ ಸದ್ದು. ಏಳುವಾಗ ಮೇಷ್ಟ್ರ ಹೆಗಲು ಬೇಕಾಯಿತು. "ಅಂಬುಜಮ್ಮ, ಪದ್ಯದ ಭಾರ ಹೊರೋಕೆ ಬಂದವನು ನಾನು," ಎಂದರು ಮೇಷ್ಟ್ರು. ಅವಳು ನಕ್ಕಳು. ನಗು ಮುಗಿದ ಮೇಲೆ ತಾನು ಕೂತಿದ್ದ ಜಾಗವನ್ನೊಮ್ಮೆ ತಿರುಗಿ ನೋಡಿದಳು. ಅವಳಿಗೆ ಭಯವಾದದ್ದು ಮೈಯ ಬಗ್ಗೆ ಅಲ್ಲ. ಎಲ್ಲಿ ಒಂದು ದಿನ ನೆಲ ತನ್ನ ಕೈ ಬಿಟ್ಟು ಹೋಗುತ್ತದೋ ಎಂದು. ನನಗೂ ಅದೇ ಭಯ.

ಆಗ ಶುರುವಾಯಿತು ಅವಳ ವ್ರತ.

ವ್ರತ ಎಂದೇ ಹೇಳಬೇಕು. ತೂಕ ಇಳಿಸಲು ಬೇರೆಯವರು ಏನೇನೋ ಮಾಡುತ್ತಾರಂತೆ. ನಮ್ಮ ಅಂಬುಜಾಕ್ಷಿಗೆ ಗೊತ್ತಿದ್ದ ದಾರಿ ಒಂದೇ. ಒಳ್ಳೆಯ ದಿನ ನೋಡಿ, ದೇವರ ಮುಂದೆ ಅಕ್ಷತೆ ಹಿಡಿದು, "ನಲವತ್ತೆಂಟು ದಿನ" ಎಂದು ಸಂಕಲ್ಪ ಮಾಡುವುದು. ನಲವತ್ತೊಂಬತ್ತನೆಯ ದಿನ ಉದ್ಯಾಪನೆ. ಹಿಡಿದ ವ್ರತವನ್ನು ಊಟ ಹಾಕಿ, ಊಟ ಮಾಡಿ ಮುಗಿಸದಿದ್ದರೆ ಫಲವಿಲ್ಲ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳಲ್ಲ!

ಮೊದಲ ವರ್ಷ ಎಲೆಕೋಸಿನ ಸಾರು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿಗೂ ಅದೇ. ಇಡೀ ಮನೆ ಎಲೆಕೋಸಿನ ವಾಸನೆ ಹಿಡಿದು, ನನ್ನ ಮೇಲಿದ್ದ ಕಾವ್ಯವೂ ಅದೇ ವಾಸನೆಯಾಯಿತು. ಎರಡನೆಯ ವರ್ಷ ಪಕ್ಕದ ಬೀದಿಯ ಹೆಂಗಸು ತಂದುಕೊಟ್ಟ ಡಬ್ಬಿಯ ಪುಡಿ, ನೀರಿಗೆ ಕದಡಿ ಕುಡಿಯುವುದು. ಗಂಡ ಶ್ರೀಪತಿ ಅಂಚೆ ಕಚೇರಿಯವರು, ದಿನ ಎಣಿಸುವುದರಲ್ಲಿ ಗಟ್ಟಿಗರು.

"ಇವತ್ತು ಎಷ್ಟನೇ ದಿನ ಕಣೇ?"

"ಮೂವತ್ತೊಂದು."

"ಹಾಗಾದ್ರೆ ಇನ್ನು ಹದಿನೆಂಟು ದಿನಕ್ಕೆ ಹೋಳಿಗೆ. ಬೇಳೆ ತಂದಿಡ್ಲಾ?"

"ನೀವು ಸುಮ್ನಿರ್ರೀ. ಇಲ್ಲಿ ನಾಲಿಗೆ ಒಣಗಿ ಸಾಯ್ತಿದೀನಿ, ಬೇಳೆಯಂತೆ ಬೇಳೆ."

ಆದರೆ ಹೋಳಿಗೆಯಾಗುತ್ತಿತ್ತು. ಐದು ಜನ ಮುತ್ತೈದೆಯರನ್ನು ಕರೆದು, ತಾಂಬೂಲ ಕೊಟ್ಟು, ಉದ್ಯಾಪನೆ ಮುಗಿಸಿ, ಆರನೆಯ ಎಲೆಗೆ ಅವಳು ಕೂರುತ್ತಿದ್ದಳು. ಅಷ್ಟು ದಿನದ ಹಸಿವೆಲ್ಲ ಒಟ್ಟಿಗೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಹೋದ ಆರು ಕೆ.ಜಿ. ದೀಪಾವಳಿಯ ಹೊತ್ತಿಗೆ ತಿರುಗಿ ಬರುತ್ತಿತ್ತು, ಬರುವಾಗ ನೆಂಟರು ಹಬ್ಬಕ್ಕೆ ಮಕ್ಕಳನ್ನು ಕರೆತರುವ ಹಾಗೆ ಜೊತೆಗೆ ಇನ್ನೆರಡನ್ನು ಕರೆತರುತ್ತಿತ್ತು. ಮುಂದಿನ ಆಷಾಢಕ್ಕೆ ಮತ್ತೆ ಸಂಕಲ್ಪ.

ನಾನು ಪ್ರತಿ ಸಲವೂ ನಂಬುತ್ತಿದ್ದೆ. ಸಂಕಲ್ಪದ ದಿನ ಅವಳು ನನ್ನನ್ನು ಒರೆಸಿ, ಹತ್ತಿರ ಎಳೆದುಕೊಂಡು, "ಈ ಸಲ ಖಂಡಿತ" ಎನ್ನುತ್ತಿದ್ದಳು. ಉದ್ಯಾಪನೆಯ ಮರುವಾರ ಮತ್ತೆ ದೂರ ಸರಿಸುತ್ತಿದ್ದಳು. ಹತ್ತಿರ, ದೂರ, ಹತ್ತಿರ, ದೂರ. ನೆಲದ ಮೇಲೆ ನನ್ನ ಕಾಲಿನ ಗೆರೆ ಬಿದ್ದಿತ್ತು.

ಅವಳಿಗೆ ಐವತ್ತೈದು ತುಂಬಿದ ವರ್ಷ ಬರೀ ಮೋಸಂಬಿ ರಸ. ನಲವತ್ತೆಂಟು ದಿನ, ಶ್ರಾವಣಕ್ಕೆ ಸರಿಯಾಗಿ ಮುಗಿಯುವ ಲೆಕ್ಕ. ಒಂಬತ್ತು ಕೆ.ಜಿ. ಇಳಿದಳು. ಮಂದಿರದಲ್ಲಿ ಯಾರ ಹೆಗಲೂ ಬೇಡದೆ ಕೂತಾಗ ಹೆಂಗಸರು "ಎಷ್ಟು ಇಳಿದುಹೋಗಿದೀರಾ ಅಂಬುಜಮ್ಮ!" ಎಂದರು. ಅವಳ ಮುಖ ಹೊಸ ಹಿತ್ತಾಳೆಯ ಹಾಗೆ ಹೊಳೆಯಿತು. ನಾನು ಮಾತ್ರ ಉಸಿರು ಕೇಳುತ್ತಿದ್ದೆ. ಇಳಿದ ಮೈಯಿಂದ ದೊಡ್ಡ ಉಸಿರು ಬರಬೇಕಿತ್ತು. ಬಂದದ್ದು ಮೊದಲಿಗಿಂತಲೂ ಚಿಕ್ಕದು, ಆರುವ ಬತ್ತಿಯಂಥದು.

ಮೂರನೆಯ ಸಂಜೆ ವಿಲಾಪದ ಪ್ರಸಂಗ. ನೀಲಾಂಬರಿಯಲ್ಲಿ ಶುರುಮಾಡಿ ಮೇಲಿನ ಷಡ್ಜಕ್ಕೆ ಏರಿದಳು. ಏರಿದ ದನಿ ಅಲ್ಲೇ ಒಡೆಯಿತು. ಮರುಕ್ಷಣ ಅವಳ ಹಣೆ ಪುಸ್ತಕದ ಮೇಲೆ ಬಂದು ಬಿತ್ತು. ಇಡೀ ಭಾರ ನನ್ನ ಮೇಲೆ. ನಾನು ಹಿಡಿದೆ. ನನ್ನ ಕೀಲಿನ ಒಂದು ಬೆರಳು ಟಪ್ಪೆಂದು ಸೀಳಿತು, ಆದರೂ ಹಿಡಿದೆ. ನಲವತ್ತಾರು ವರ್ಷದಲ್ಲಿ ಅವಳು ನನಗೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹೀಗೆ ಬರಬಾರದಿತ್ತು.

ಡಾಕ್ಟರು ಬಂದು ನೋಡಿ ಬೈದರು. "ಅಮ್ಮಾ, ಇದರಲ್ಲಿ ಕರಗಿರೋದು ಬರೀ ಕೊಬ್ಬಲ್ಲ. ನಿಮ್ಮ ಮಾಂಸಖಂಡವೂ ಸೊರಗಿದೆ, ಕೈಕಾಲಿನ ಶಕ್ತಿನೂ ಹೋಗಿದೆ. ಒಂದೂವರೆ ತಿಂಗಳು ಉಪವಾಸ, ಆಮೇಲೆ ಹಬ್ಬ. ಮೈಗೆ ಏನು ಅರ್ಥ ಆಗಬೇಕು?"

ಮರುದಿನ ಮಂದಿರದವರು ಕುರ್ಚಿ ತಂದರು. ಮರ್ಯಾದೆಯಿಂದಲೇ ತಂದರು, ಕೈಯಿರುವ ಒಳ್ಳೆಯ ಕುರ್ಚಿ, ಮುಂದೆ ಮೇಜು, ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆ. ಅಂಬುಜಾಕ್ಷಿ ಬಹಳ ಹೊತ್ತು ನಿಂತೇ ಇದ್ದಳು. ಜನ ನೆಲದ ಮೇಲೆ ಕಾದಿದ್ದರು. ಕೊನೆಗೆ ಕೂತಳು. ಪುಸ್ತಕ ಮೇಜಿನ ಮೇಲೆ ಹೋಯಿತು. ನನ್ನನ್ನು ಮಡಿಸಿ ಗೋಡೆಗೆ ಒರಗಿಸಿದರು. ಆ ಶ್ರಾವಣ ಮುಗಿದ ಮೇಲೆ ನಾನು ಅವಳ ಮನೆಯ ಕಪಾಟಿನ ಮೇಲಿನ ಹಲಗೆ ಸೇರಿದೆ.

ನಾಲ್ಕು ವರ್ಷ. ಕೀಲು ಬಿಗಿಯಿತು. ಹಗಲು ಒಂದು ಹಲ್ಲಿ ನನ್ನ ಹಿಂದೆ ಮಲಗುತ್ತಿತ್ತು. ಕೆಳಗೆ ಅವಳು ಮೇಜಿನ ಮುಂದೆ ಕೂತು ಪಾಠ ಹೇಳುವುದು ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ಅಷ್ಟೆ, ಉಸಿರು ತಾಗುತ್ತಿರಲಿಲ್ಲ. ಅದೆಷ್ಟು ವ್ಯತ್ಯಾಸ ಎಂದು ಮರದವನಾದ ನನಗೆ ಗೊತ್ತು. ಬೆಂಕಿ ಕಾಣುವುದಕ್ಕೂ ಬೆಚ್ಚಗಾಗುವುದಕ್ಕೂ ಇರುವಷ್ಟು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಯ ದಿನ ನನ್ನನ್ನು ಇಳಿಸಿ, ಬಿಗಿದ ಕೀಲನ್ನು ಮೆಲ್ಲಗೆ ಬಿಡಿಸಿ, ಪುಸ್ತಕ ಇಟ್ಟು, ಹೂ ಏರಿಸುತ್ತಿದ್ದಳು. ಎದುರು ನಿಂತು ಕೈಮುಗಿಯುತ್ತಿದ್ದಳು. ನಿಂತು! ನಾನು ಅವಳ ಸೀರೆಯ ಅಂಚನ್ನು ನೋಡುತ್ತ, ಈಗ ಕೂರುತ್ತಾಳೆ, ಈಗ ಕೂರುತ್ತಾಳೆ ಎಂದುಕೊಳ್ಳುತ್ತಿದ್ದೆ. ವಿಜಯದಶಮಿಯ ಬೆಳಿಗ್ಗೆ ಮತ್ತೆ ಮೇಲೆ.

ಒಂದು ಸಲ ಮಾತ್ರ ನಡುವೆ ಇಳಿಸಿದಳು. ಸಂತೋಷದಿಂದ ಉಬ್ಬಿಹೋದೆ. ಮೇಜಿನ ಮೇಲೆ ನನ್ನನ್ನು ಬಿಡಿಸಿ ಮೊಬೈಲು ಒರಗಿಸಿದಳು. ಅದರೊಳಗಿಂದ ಯಾರೋ ಒಬ್ಬರು, ಏಳು ದಿನ ಬರೀ ಸೌತೆಕಾಯಿ ತಿಂದರೆ ಐದು ಕೆ.ಜಿ. ಗ್ಯಾರಂಟಿ ಎಂದು ಕೂಗಿ ಹೇಳುತ್ತಿದ್ದರು. ಭಾಮಿನಿ ಷಟ್ಪದಿ ಹೊತ್ತ ಮೈ ನನ್ನದು. ಪೂರ್ತಿ ಕೇಳಬೇಕಾಯಿತು.

ತಿರುವು ಬಂದದ್ದು ಅವಳ ಬಾಯಿಂದಲೇ.

ಚಿನ್ಮಯಿ ಎಂಬ ಶಿಷ್ಯೆ ಇದ್ದಳು, ಇಪ್ಪತ್ತಾರರವಳು, ಬ್ಯಾಂಕಿನಲ್ಲಿ ಕೆಲಸ. ಒಳ್ಳೆಯ ಕಂಠ. ಹಾಸನದಲ್ಲಿ ಸ್ಪರ್ಧೆ ಇದ್ದರೆ ತಿಂಗಳು ಮುಂಚೆ ದಿನಕ್ಕೆ ಮೂರು ಗಂಟೆ ಅಭ್ಯಾಸ, ಬಹುಮಾನ. ಸ್ಪರ್ಧೆ ಮುಗಿದರೆ ಆರು ತಿಂಗಳು ಪತ್ತೆಯಿಲ್ಲ. ಒಂದು ಸಂಜೆ ಅವಳು ಮತ್ತೆ ಬಂದು ಓದಿದಾಗ ಕಾಂಬೋಜಿ ದಾರಿ ತಪ್ಪಿ ಎಲ್ಲೋ ಹೋಗಿ ನಿಂತಿತು.

"ಅಮ್ಮ, ಮುಂದಿನ ತಿಂಗಳು ಸ್ಪರ್ಧೆ. ನಾಳೆಯಿಂದ ಕೂತ್ಬಿಡ್ತೀನಿ, ನೋಡ್ತಾ ಇರಿ."

ಅಂಬುಜಾಕ್ಷಿಗೆ ಸಿಟ್ಟು ಬಂತು. "ನೋಡಿದೀನಿ ಕಣೇ, ಮೂರು ವರ್ಷದಿಂದ ನೋಡ್ತಾನೇ ಇದೀನಿ. ಒಂದು ತಿಂಗಳು ಗಂಟಲು ಹರಿದುಕೊಳ್ಳೋದು, ಆಮೇಲೆ ಶಾಲು ಹೊದ್ದು ಮಲಗೋದು. ವಿದ್ಯೆ ಏನು ನಲವತ್ತೆಂಟು ದಿನದ ವ್ರತವಾ, ಉದ್ಯಾಪನೆ ಮಾಡಿ ಕೈ ತೊಳ್ಕೊಳ್ಳೋಕೆ? ಮೂರು ಗಂಟೆ ಯಾರೇ ಕೇಳಿದ್ದು ನಿನ್ನ? ದಿನಾ ಒಂದು ಪದ್ಯ ಓದು, ಸಾಕು. ಸಂಜೆ ದೀಪ ಹಚ್ತೀವಲ್ಲ, ಅದಕ್ಕೆ ಯಾರಾದ್ರೂ ಉದ್ಯಾಪನೆ ಮಾಡಿದ್ದು ಕೇಳಿದೀಯಾ? ಇವತ್ತು ಹಚ್ಚಿದ್ರೆ, ನಾಳೆನೂ..."

ಅವಳ ಮಾತು ಅವಳಿಗೇ ಕೇಳಿಸಿತು.

ಚಿನ್ಮಯಿ ತಲೆ ತಗ್ಗಿಸಿ ಇನ್ನೂ ಬೈಗುಳ ಇದೆ ಎಂದು ಕಾದಳು. ಬೈಗುಳ ಬರಲಿಲ್ಲ. ಅಂಬುಜಾಕ್ಷಿ ಕುರ್ಚಿಯ ಕೈ ಹಿಡಿದುಕೊಂಡು ಕಪಾಟಿನ ಮೇಲೆ ನೋಡುತ್ತಿದ್ದಳು, ನನ್ನ ಕಡೆ. "ಅಮ್ಮ, ತಪ್ಪಾಯ್ತು," ಎಂದಳು ಹುಡುಗಿ ಗಾಬರಿಯಿಂದ. "ನಿಂದಲ್ಲ ಬಿಡು," ಎಂದಳು ಅಂಬುಜಾಕ್ಷಿ. "ಹೋಗು, ನಾಳೆ ಬಾ. ಒಂದೇ ಪದ್ಯ."

ಮರುದಿನ ಅಮಾವಾಸ್ಯೆ, ಮಂಗಳವಾರ. ಏನನ್ನೂ ಶುರುಮಾಡಬಾರದ ದಿನ. ಅವಳು ಶುರುಮಾಡಲಿಲ್ಲ. ಅಕ್ಷತೆ ಹಿಡಿಯಲಿಲ್ಲ, ದಿನ ಗೊತ್ತುಮಾಡಲಿಲ್ಲ, ಗಂಡನಿಗೂ ಹೇಳಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊಳೆಯ ಕಡೆ ಹೋಗಿ ಬಂದಳು. ಅಷ್ಟೇ. ಬಂದು ತಿಂಡಿ ತಿಂದಳು, ಉಪ್ಪಿಟ್ಟು, ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಮರುದಿನವೂ ಹೋದಳು.

"ಇದು ಎಷ್ಟು ದಿನದ್ದು?" ಎಂದರು ಶ್ರೀಪತಿ ವಾರದ ಮೇಲೆ.

"ದಿನ ಇಲ್ಲ."

"ಅಂದ್ರೆ?"

"ದಿನ ಇಲ್ಲ ಅಂದ್ರೆ ದಿನ ಇಲ್ಲರೀ. ಹೋಳಿಗೆನೂ ಇಲ್ಲ ಅಂತಲ್ಲ. ಯುಗಾದಿಗೆ ಮಾಡ್ತೀನಿ, ಒಂದು ತಿಂತೀನಿ. ಮುಗೀತಲ್ಲ."

ನಾನು ಮೇಲಿನಿಂದ ಎಲ್ಲ ನೋಡಿದೆ. ನೋಡಲು ಏನೂ ಇರಲಿಲ್ಲ, ಅದೇ ವಿಶೇಷ. ರಾತ್ರಿಯ ಅನ್ನ ಹೋಗಿ ಸಂಜೆ ಏಳಕ್ಕೇ ಒಂದು ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು, ಬಟ್ಟಲು ತುಂಬ ಬೇಯಿಸಿದ ಕಾಳು ಬಂತು. ಕಾಫಿಯ ಸಕ್ಕರೆ ಮೂರು ಚಮಚದಿಂದ ಎರಡಾಗಲು ಎರಡು ತಿಂಗಳು, ಒಂದಾಗಲು ಇನ್ನೈದು. ಹೊಳೆದಂಡೆಯ ದಾರಿಯಲ್ಲಿ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಒಂದು ಷಟ್ಪದಿ ಬಾಯಿಪಾಠ. ಮೊದಲು ಏದುಸಿರಿನಲ್ಲಿ ಅರ್ಧ ಪದ್ಯ, ಆಮೇಲೆ ಮುಕ್ಕಾಲು. ಬಂದು ಹೇಳುತ್ತಿದ್ದಳು ಗಂಡನಿಗೆ, "ಇವತ್ತು ಎಂಟು ಪದ್ಯದಷ್ಟು ನಡೆದೆ ಕಣ್ರೀ."

ಎಲ್ಲಕ್ಕಿಂತ ಕಷ್ಟ ಎಲೆಯ ಮುಂದೆ. ಆ ಶ್ರಾವಣ, ಕುರ್ಚಿಯ ಮೇಲೆ ವಾಚನ ಮುಗಿಸಿದವಳಿಗೆ ಸೇವೆಯ ಮನೆಯಾಕೆ ಸಜ್ಜಿಗೆ ತಂದಾಗ ಅವಳು ಅಂಗೈ ಒಡ್ಡಿದಳಂತೆ. ಶ್ರೀಪತಿ ಮನೆಗೆ ಬಂದು ನಗುತ್ತ ಹೇಳಿದ್ದು. "ಅಂಗೈ ಹಿಡಿಸಿದಷ್ಟು ಪ್ರಸಾದ, ತಾಯಿ. ಅದಕ್ಕಿಂತ ಹೆಚ್ಚಾದ್ರೆ ಊಟ," ಎಂದಳಂತೆ. ಆ ಮನೆಯಾಕೆ ಮುಖ ಊದಿಸಿಕೊಂಡರಂತೆ. "ಓದೋರಿಗೆ ಈಗ ಜಂಬ ಬಂದಿದೆ" ಎಂಬ ಮಾತು ಮನೆವರೆಗೂ ಬಂತು. ಅವತ್ತು ಅವಳು ಅತ್ತಳು. ಮೂವತ್ತು ವರ್ಷ ಆ ಎಲೆಗಳಲ್ಲೇ ಊರು ಅವಳನ್ನು ಪ್ರೀತಿಸಿತ್ತು. ಬೇರೆ ಭಾಷೆ ಅವರಿಗೂ ಗೊತ್ತಿರಲಿಲ್ಲ, ಅವಳಿಗೂ. ಆದರೂ ಮರುದಿನ ಅಂಗೈಯನ್ನೇ ಒಡ್ಡಿದಳು.

ತಪ್ಪಲಿಲ್ಲವೇ? ತಪ್ಪಿತು. ಒಂದು ದೀಪಾವಳಿಗೆ ನಾಲ್ಕು ಕಜ್ಜಾಯ ತಿಂದು ಕೂತಳು. ಹಿಂದಿನ ಅಂಬುಜಾಕ್ಷಿಯಾಗಿದ್ದರೆ ವ್ರತಭಂಗವಾಯಿತೆಂದು ಐದನೆಯದನ್ನೂ ತಿಂದು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದಳು. ಈಗ ಭಂಗವಾಗಲು ವ್ರತವೇ ಇರಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊಳೆಯ ಕಡೆ ಹೋದಳು. ಒಂದು ಮಳೆಗಾಲ ಜ್ವರ ಬಂದು ತಿಂಗಳು ಮಲಗಿದಳು, ಎರಡು ಕೆ.ಜಿ. ಹೆಚ್ಚಾಯಿತು. ಎದ್ದ ದಿನ ಬಾಗಿಲ ತನಕ ನಡೆದಳು. ಮರುದಿನ ಮೊದಲ ಕಂಬದ ತನಕ.

ಒಂದು ವರ್ಷಕ್ಕೆ ನಾಲ್ಕು ಕೆ.ಜಿ. ಇಳಿದಿತ್ತು. ಮೋಸಂಬಿ ರಸ ಮೂರು ವಾರಕ್ಕೆ ಇಳಿಸಿದ್ದಷ್ಟು. ಯಾರೂ ಏನೂ ಅನ್ನಲಿಲ್ಲ, ಯಾರಿಗೂ ಕಾಣಲೂ ಇಲ್ಲ. ನನಗೆ ಮಾತ್ರ ಒಂದು ಸಂಜೆ ಕೇಳಿಸಿತು. ಚಿನ್ಮಯಿಗೆ ಪಾಠ ಹೇಳುತ್ತ ಎರಡನೆಯ ಸಾಲಿನ ಕೊನೆ ದಾಟಿ, ಉಸಿರು ತೆಗೆದುಕೊಳ್ಳದೆ ಮೂರನೆಯ ಸಾಲಿನೊಳಕ್ಕೆ ಕಾಲಿಟ್ಟಳು. ಎರಡೇ ಅಕ್ಷರ. ನಾನು ಕಪಾಟಿನ ಮೇಲೆ ಮರವಾಗಿದ್ದೆ, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ.

ಆಮೇಲೆ ಅವಳು ನನ್ನನ್ನು ಇಳಿಸಿದಳು, ಸರಸ್ವತಿ ಪೂಜೆ ಇಲ್ಲದ ದಿನ. ಸೀಳಿದ ಕೀಲಿಗೆ ನೂಲು ಸುತ್ತಿದಳು. ಎದುರಿಗೆ ಮೂರು ಮಣೆ ಒಂದರ ಮೇಲೊಂದು ಇಟ್ಟು, ಗೋಡೆ ಹಿಡಿದು, ಕೂರಲು ನೋಡಿದಳು. ಮಂಡಿ ಒಪ್ಪಲಿಲ್ಲ. ಎದ್ದಳು. ನಾಳೆ ಮತ್ತೆ. ಮಂಡಿ ತಜ್ಞರು ಹೇಳಿಕೊಟ್ಟಂತೆ ಕಾಲು ಎತ್ತಿ ಇಳಿಸುವುದನ್ನು ಮಾಡುತ್ತಲೇ ನಾಲ್ಕೈದು ಪದ್ಯ ಗುನುಗುವಳು. ಮೂರು ಮಣೆ ಎರಡಾಗಲು ಏಳು ತಿಂಗಳು. ಎರಡು ಒಂದಾಗಲು ಒಂದು ವರ್ಷ. ಆ ಒಂದು ಮಣೆ ಹೋಗುವಂತೆ ಕಾಣಲಿಲ್ಲ. "ಇರಲಿ ಬಿಡು, ನಾಲ್ಕು ಬೆರಳು ದಪ್ಪ. ಗುರುಗಳು ಕ್ಷಮಿಸ್ತಾರೆ," ಎಂದಳು ನನಗೆ.

ಈಗ ನನಗೆ ವಯಸ್ಸಾಗಿದೆ. ಸುತ್ತಿದ ನೂಲು ಬಿಗಿಯಾಗಿದೆ, ಅದರ ಕೆಳಗಿನ ಸೀಳು ಬೆಳೆಯುತ್ತಲೇ ಇದೆ. ಅವಳಿಗೆ ಅರವತ್ಮೂರು. ಕಳೆದದ್ದು ಹದಿಮೂರು ಕೆ.ಜಿ.; ಡಾಕ್ಟರು ಇನ್ನೂ ಐದು ಎನ್ನುತ್ತಾರೆ, ಇವಳು "ಬರಲಿ, ಹೋಗಲಿ, ಅವಸರ ಯಾರಿಗೆ?" ಎನ್ನುತ್ತಾಳೆ. ಮೂವತ್ತರ ಆ ಉಸಿರು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತು. ಮೂರು ಸಾಲು ಬೇಡಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಎರಡೂವರೆ ಸಾಲಿಗೆ ಬಂದು ನಿಂತು, ನಡುವೆ ಒಂದು ಚಿಕ್ಕ ಉಸಿರು ತೆಗೆದುಕೊಳ್ಳುತ್ತಾಳಲ್ಲ, ಆ ಜಾಗದಲ್ಲಿ ಏಲಕ್ಕಿಯ ವಾಸನೆ ಬರುತ್ತದೆ. ಇಷ್ಟು ವರ್ಷ ಕಾದದ್ದು ಅದಕ್ಕೇ ಇರಬೇಕು.

ಮೊನ್ನೆ ಶ್ರಾವಣದ ಮೊದಲ ದಿನ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮಂದಿರಕ್ಕೆ ಹೋದಳು. ಎಂಟು ವರ್ಷದ ಮೇಲೆ ನಾನು ಆ ಬಾಗಿಲು ದಾಟಿದೆ. ದಾಟಿ ನೋಡಿದರೆ ನೆಲದ ಮೇಲೆ ಯಾರೂ ಇಲ್ಲ! ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಕೇಳುವವರಿಗೂ ವಯಸ್ಸಾಗಿತ್ತು, ಒಬ್ಬೊಬ್ಬರಿಗೆ ಒಂದೊಂದು ನೋವು. ಶೇಷಗಿರಿ ಮೇಷ್ಟ್ರೂ ಕುರ್ಚಿಯ ಮೇಲೆ, ಕೋಲು ಪಕ್ಕಕ್ಕೆ. ಅವಳ ಮೇಜು, ಅವಳ ಕುರ್ಚಿ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಎಲ್ಲ ಸಿದ್ಧವಾಗಿತ್ತು.

ಅವಳು ಮೇಜನ್ನು ಪಕ್ಕಕ್ಕೆ ಸರಿಸಲು ಹೇಳಿದಳು. ನೆಲಕ್ಕೆ ನನ್ನನ್ನು ಇಳಿಸಿ ಬಿಡಿಸಿದಳು. ಮಣೆ ಹಾಕಿಕೊಂಡಳು. ಕಂಬಕ್ಕೆ ಒಂದು ಕೈ ಕೊಟ್ಟು, ಒಂದು ಮಂಡಿ, ಇನ್ನೊಂದು ಮಂಡಿ. ನಿಧಾನವಾಗಿ, ತುಂಬಿದ ಕೊಡ ಇಳಿಸುವವರ ಹಾಗೆ, ಕೂತಳು. ಕುರ್ಚಿಗಳೆಲ್ಲ ಮುಂದಕ್ಕೆ ಬಾಗಿ ನೋಡಿದವು.

"ಇದೇನು ಅಂಬುಜಮ್ಮ," ಎಂದರು ಮೇಷ್ಟ್ರು. "ನಿಮ್ಮನ್ನ ಕೆಳಗೆ ಕೂರಿಸಿ, ನಾನು ಮೇಲೆ ಕೂತು ಅರ್ಥ ಹೇಳೋದಾ? ನಾಚಿಕೆ ಆಗತ್ತಪ್ಪ."

"ನಾಚ್ಕೋಬೇಡಿ ಮೇಷ್ಟ್ರೇ. ದನಿ ಕೆಳಗಿಂದ ಹೊರಟ್ರೂ ಮೇಲಕ್ಕೇ ಬರತ್ತೆ. ನೀವು ಕೈ ಒಡ್ಡಿ ಅಷ್ಟೇ."

ಶ್ರುತಿಪೆಟ್ಟಿಗೆ ಗುಂಯ್ ಎಂದಿತು. ಎಡಗೈ ನನ್ನ ಅಂಚು ಹಿಡಿಯಿತು. ಅವಳು ನನ್ನನ್ನು ಹತ್ತಿರ ಎಳೆದುಕೊಂಡಳು, ಒಂದು ಗೇಣು, ಹಳೆಯ ಜಾಗಕ್ಕೆ. ನಾಟ ರಾಗದಲ್ಲಿ ಮೊದಲ ಪದ್ಯ ಎದ್ದಿತು.

ಒಂದು ಗಂಟೆ ಓದಿದಳು. ಮಂಗಳವಾಯಿತು. ಸೇವೆಯ ಮನೆಯಾಕೆ ಬಂದು, ಕೇಳದೆಯೇ, ಅಂಗೈ ಹಿಡಿಸುವಷ್ಟು ರಸಾಯನ ಹಾಕಿ ಹೋದರು. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಮೇಷ್ಟ್ರು ಕೋಲೂರಿ ಎದ್ದು, "ಏಳೋಕೆ ಕೈ ಕೊಡ್ಲಾ?" ಎಂದರು.

"ನೀವು ಹೊರಡಿ ಮೇಷ್ಟ್ರೇ. ನನಗೇನೂ ಅವಸರ ಇಲ್ಲ."

ಅವರು ಹೋದರು. ಪುಸ್ತಕ ಮುಚ್ಚಿತ್ತು, ಶ್ರುತಿ ನಿಂತಿತ್ತು. ಎದ್ದೇಳಲು ಅವಳಿಗೆ ಆಗುತ್ತಿರಲಿಲ್ಲ ಎಂದಲ್ಲ. ಬೇಡಿ ಬೇಡಿ ಸಿಕ್ಕಿದ ನೆಲ, ಅಷ್ಟು ಬೇಗ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅಂಗೈ ನನ್ನ ಮೇಲೆ ಇಟ್ಟುಕೊಂಡು ಅವಳು ಕೂತೇ ಇದ್ದಳು.